ಕರಾವಳಿಯ ಗಾಳಿಮಳೆಗೆ ತಡೆಯುವ ಮಾಡು: ಗುತ್ತಿಗೆದಾರರನ್ನು ಆರಿಸಿಕೊಳ್ಳುವ ಬಗೆ

ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ತಾರಸಿಯ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದಿಸುವುದು ಮನೆ ಕಟ್ಟುವ ಖರ್ಚಿನ ಒಂದು ಭಾಗವೇ ಆಗಿಬಿಟ್ಟಿದೆ. ಹಳೆಯ ಹಂಚಿನ ಮನೆಗಳಲ್ಲೂ ಹಂಚನ್ನು ಹೊರುವ ಮರದ ಪಕ್ಕಾಸು, ರೀಪುಗಳ ಜಾಗಕ್ಕೆ ಕಬ್ಬಿಣದ ಪೈಪುಗಳು ಬರುತ್ತಿವೆ. ಈ ಕೆಲಸ ಮಾಡುವವರಿಗೆ ಕೊರತೆಯಿಲ್ಲ. ವೆಲ್ಡಿಂಗ್ ಯಂತ್ರವೊಂದಿದ್ದರೆ ಯಾರು ಬೇಕಾದರೂ ಚದರಡಿಗೆ ಇಷ್ಟು ಎಂದು ದರ ಹೇಳಬಲ್ಲರು. ಸೋರದಂತೆ ಹೊದಿಸುವುದು ಅವರಲ್ಲಿ ಹೆಚ್ಚಿನವರಿಗೆ ಬರುತ್ತದೆ. ಹಾರಿಹೋಗದಂತೆ ಕಟ್ಟುವುದು ಎಲ್ಲರಿಗೂ ಬರುವುದಿಲ್ಲವಾದ್ದರಿಂದ, ಆಯ್ಕೆ ಮಾಡುವವರು ವಿಚಾರಿಸಬೇಕಾದದ್ದು ಮುಖ್ಯವಾಗಿ ಅದನ್ನೇ.

ಕಟ್ಟಡಗಳ ಮೇಲಿನ ಗಾಳಿಯ ಒತ್ತಡವನ್ನು ಲೆಕ್ಕ ಹಾಕಲು ಬಳಸುವ ಭಾರತೀಯ ಮಾನಕ ಐಎಸ್ 875ರ ಮೂರನೆಯ ಭಾಗವು ಮಂಗಳೂರಿಗೆ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೋಮೀಟರ್ ಮೂಲ ವೇಗವನ್ನು, ಎಂದರೆ ಲೆಕ್ಕಕ್ಕೆ ಆಧಾರವಾಗಿ ಹಿಡಿಯುವ ಗಾಳಿಯ ವೇಗವನ್ನು, ಗೊತ್ತುಪಡಿಸಿದೆ. ಬೆಂಗಳೂರಿಗೆ ಅದು 33 ಮೀಟರ್. ಇಂಥ ಗಾಳಿ ಇಳಿಜಾರು ಕಡಿಮೆಯಿರುವ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಹೆಚ್ಚಾಗಿ ಮೇಲಕ್ಕೆ ಸೆಳೆಯುತ್ತದೆ, ಮತ್ತು ಆ ಸೆಳೆತ ಅಂಚು, ಮೂಲೆ, ನೆತ್ತಿಗಳಲ್ಲಿ ಅತಿ ಹೆಚ್ಚಾಗಿರುತ್ತದೆ. ನಾಲ್ಕೂ ಕಡೆ ತೆರೆದಿರುವ ತಾರಸಿಯ ಮಾಡಿಗಂತೂ ಗಾಳಿ ಅಡಿಯಿಂದಲೂ ನುಗ್ಗುತ್ತದೆ. ಆದ್ದರಿಂದ ಗುತ್ತಿಗೆದಾರರನ್ನು ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ, ಕಂಬದ ಬುಡವನ್ನು ಯಾವುದಕ್ಕೆ ಬಂಧಿಸುತ್ತೀರಿ ಎಂಬುದು. ಕಂಬದ ಅಡಿಗೆ ದಪ್ಪ ತಗಡಿನ ಪ್ಲೇಟು ಬೆಸೆದು, ಅದನ್ನು ಆಂಕರ್ ಬೋಲ್ಟುಗಳಿಂದ ಕಾಂಕ್ರೀಟಿನ ಪಿಲ್ಲರಿಗೋ ಬೀಮಿಗೋ ಬಿಗಿಯುತ್ತೇವೆ ಎಂದವರೊಡನೆ ಮಾತು ಮುಂದುವರಿಸಬಹುದು. ಕೆಂಪುಕಲ್ಲಿನ ಅಡ್ಡಗೋಡೆಗೆ ಸಿಕ್ಕಿಸಿದರೆ ಸಾಕು, ಇಲ್ಲವೇ ಚೌಕಟ್ಟಿನ ಭಾರಕ್ಕೇ ಅದು ನಿಲ್ಲುತ್ತದೆ ಎನ್ನುವವರಿಗೆ ಅಲ್ಲಿಯೇ ನಮಸ್ಕಾರ ಹೇಳುವುದು ಒಳ್ಳೆಯದು, ಏಕೆಂದರೆ ಹಾಗೆ ನಿಲ್ಲಿಸಿದ ಮಾಡು ಕಿತ್ತರೆ ಶೀಟೊಂದೇ ಹೋಗುವುದಿಲ್ಲ, ಕಂಬ ಸಮೇತ ಇಡೀ ಚೌಕಟ್ಟು ನೆರೆಮನೆಯ ಮೇಲೋ ವಿದ್ಯುತ್ ತಂತಿಯ ಮೇಲೋ ಬೀಳುತ್ತದೆ. ಬೋಲ್ಟು ಕೊರೆದ ಜಾಗದಲ್ಲಿ ತಾರಸಿಗೆ ನೀರು ಇಳಿಯದಂತೆ ಏನು ಮಾಡುತ್ತೀರಿ ಎಂದೂ ಕೇಳಬೇಕು.

ಎರಡನೆಯ ಪ್ರಶ್ನೆ ಸ್ಕ್ರೂಗಳದ್ದು. ಮಧ್ಯಭಾಗದಲ್ಲಿ ಶೀಟಿನ ಒಂದು ಉಬ್ಬು ಬಿಟ್ಟು ಒಂದಕ್ಕೆ ಸ್ಕ್ರೂ ಹಾಕಿದರೂ, ಅಂಚಿನ ಮತ್ತು ನೆತ್ತಿಯ ಸಾಲುಗಳಲ್ಲಿ ಪ್ರತಿ ಉಬ್ಬಿಗೂ ಹಾಕುವವರು ಗಾಳಿಯ ನಡೆಯನ್ನು ಬಲ್ಲವರು. ಶೀಟುಗಳು ಒಂದರ ಮೇಲೊಂದು ಕೂರುವ ಅಂಚು ನೈಋತ್ಯದ ಗಾಳಿಗೆ ಎದುರಾಗಬಾರದು. ಹೊದಿಸುವುದನ್ನು ಯಾವ ಕಡೆಯಿಂದ ಶುರುಮಾಡುತ್ತೀರಿ ಎಂದು ಕೇಳಿದರೆ ಇದು ಅವರಿಗೆ ಗೊತ್ತಿದೆಯೇ ಎಂಬುದು ತಿಳಿಯುತ್ತದೆ. ರಬ್ಬರ್ ವಾಷರನ್ನು ಅಪ್ಪಚ್ಚಿಯಾಗುವಷ್ಟು ಬಿಗಿದರೆ ಅದು ಬಿಸಿಲಿಗೆ ಬೇಗನೆ ಒಡೆಯುತ್ತದೆ, ಸಡಿಲ ಬಿಟ್ಟರೆ ಮೊದಲ ಮಳೆಗೇ ಸೋರುತ್ತದೆ.

ಅವರು ಹೇಳಿದ್ದನ್ನು ನಂಬುವುದಕ್ಕಿಂತ ಮಾಡಿದ್ದನ್ನು ನೋಡುವುದು ಲೇಸು. ಹೋದ ತಿಂಗಳು ಮುಗಿಸಿದ ಹೊಳೆಯುವ ಮಾಡನ್ನಲ್ಲ, ಕನಿಷ್ಠ ಎರಡು ಮೂರು ಮಳೆಗಾಲ ಕಂಡ ಮಾಡನ್ನು ತೋರಿಸಲು ಹೇಳಿ, ಮನೆಯವರ ಒಪ್ಪಿಗೆ ಪಡೆದು ತಾರಸಿ ಹತ್ತಿ ನೋಡಬೇಕು. ಉಪ್ಪುಗಾಳಿಯಲ್ಲಿ ತುಕ್ಕು ಮೊದಲು ಕಾಣಿಸಿಕೊಳ್ಳುವುದು ಬೆಸುಗೆಯ ಗಂಟುಗಳಲ್ಲಿ, ಕಂಬದ ಬುಡದಲ್ಲಿ ಮತ್ತು ಬಾಯಿ ಮುಚ್ಚದ ಪೈಪಿನ ತುದಿಗಳಲ್ಲಿ. ಕಡಲಿಗೆ ಹತ್ತಿರದ ಮನೆಯಾದರೆ ಕಡಲಿಗೆ ಹತ್ತಿರದ ಕೆಲಸವನ್ನೇ ನೋಡಬೇಕು; ಸುಳ್ಯದಲ್ಲೋ ಶಿರಸಿಯಲ್ಲೋ ಚೆನ್ನಾಗಿ ಉಳಿದ ಬಣ್ಣ ಮಲ್ಪೆಯಲ್ಲಿಯೂ ಉಳಿಯುತ್ತದೆ ಎಂಬ ಭರವಸೆಯಿಲ್ಲ. ಊರಿನವರನ್ನೇ ಆರಿಸಿಕೊಳ್ಳುವುದರ ನಿಜವಾದ ಲಾಭವೂ ಇಲ್ಲಿದೆ: ಅವರ ಹಳೆಯ ಕೆಲಸ ಕಣ್ಣೆದುರಿಗಿರುತ್ತದೆ, ಜುಲೈಯ ನಡುಮಳೆಯಲ್ಲಿ ಶೀಟು ಎದ್ದರೆ ಅವರನ್ನು ಹುಡುಕಿಕೊಂಡು ಹೋಗಬಹುದು.

ಹಂಚಿನ ಮಾಡಿಗೆ ಬೇಕಾದ ಕೈಯೇ ಬೇರೆ. ಹಂಚಿನ ಕಾರ್ಖಾನೆಗಳು ಅನೇಕ ಮುಚ್ಚಿಹೋಗಿವೆ. ಒಂದು ಕಾರ್ಖಾನೆಯ ಹಂಚಿನ ಗಾಡಿಗೆ, ಅಂದರೆ ಅಂಚಿನ ತೋಡಿಗೆ, ಇನ್ನೊಂದರದು ಸರಿಯಾಗಿ ಕೂರದೆ ಗಾಳಿಗೆ ಸಂದು ಬಿಡುತ್ತದೆ. ಮನೆಯ ಹಂಚೊಂದನ್ನು ಕೈಗೆತ್ತಿಕೊಂಡು ಹಿಂಬದಿಯ ಅಚ್ಚಿನ ಹೆಸರು ಓದಿ, ಅದೇ ಅಳತೆಯದನ್ನು ಕಳಚಿದ ಹಳೆಯ ಮನೆಗಳಿಂದ ತರುತ್ತೇನೆ ಎನ್ನುವ ಮೇಸ್ತ್ರಿ ಸಿಕ್ಕರೆ ಬಿಡಬಾರದು. ಕೆಳಗಿನ ಸಾಲಿನ ಮತ್ತು ಬದಿಯಂಚಿನ ಹಂಚುಗಳನ್ನು ರೀಪಿಗೆ ತಂತಿಯಿಂದ ಕಟ್ಟುವುದನ್ನೂ ಮಾತಿನಲ್ಲೇ ಖಚಿತಪಡಿಸಿಕೊಳ್ಳಬೇಕು.

ದರಪಟ್ಟಿಯನ್ನು ಬರಹದಲ್ಲಿಯೇ ಪಡೆಯತಕ್ಕದ್ದು. ಬರೀ ಚದರಡಿಯ ದರ ಬರೆದ ಚೀಟಿಗೆ ಬೆಲೆಯಿಲ್ಲ. ಪೈಪಿನ ಅಳತೆ ಮತ್ತು ಅದರ ತಗಡಿನ ದಪ್ಪ, ಶೀಟಿನ ಕಂಪನಿ, ಶೀಟಿನ ದಪ್ಪವನ್ನು ಲೇಪನ ಸೇರಿಸಿ ಹೇಳಿದ್ದೋ ಬರಿಯ ಉಕ್ಕಿನದೋ, ಪ್ರೈಮರ್ ಮತ್ತು ಬಣ್ಣ ಎಷ್ಟು ಸಲ, ಜಿಎಸ್‌ಟಿ ಒಳಗೋ ಹೊರಗೋ ಎಂಬುದೆಲ್ಲ ಅದರಲ್ಲಿರಬೇಕು. ಎರಡು ದರಗಳ ನಡುವೆ ದೊಡ್ಡ ಅಂತರವಿದ್ದರೆ ಅದು ಅಡಗಿರುವುದು ಹೆಚ್ಚಾಗಿ ಪೈಪಿನ ದಪ್ಪದಲ್ಲಿ. ಎರಡು ಮಿಲಿಮೀಟರಿನ ಪೈಪೂ ಅದಕ್ಕಿಂತ ತೆಳುವಾದದ್ದೂ ಬಣ್ಣ ಬಳಿದ ಮೇಲೆ ಒಂದೇ ರೀತಿ ಕಾಣುತ್ತವೆ, ಆದ್ದರಿಂದ ಸಾಮಾನು ಇಳಿಸಿದ ದಿನವೇ ಅಳೆಯಬೇಕು. ಹಣವನ್ನು ಸಾಮಾನು ಬಂದಾಗ, ಚೌಕಟ್ಟು ನಿಂತಾಗ, ಶೀಟು ಮುಗಿದಾಗ ಎಂದು ಕಂತುಗಳಲ್ಲಿ ಕೊಟ್ಟು, ಸಣ್ಣದೊಂದು ಪಾಲನ್ನು ಮೊದಲ ಜೋರು ಮಳೆಯವರೆಗೆ ಉಳಿಸಿಕೊಳ್ಳುವ ಕರಾರು ಮಾಡಿಕೊಳ್ಳಬಹುದು. ಇದಕ್ಕೆ ಒಪ್ಪದವರೆಲ್ಲ ಕೆಟ್ಟವರೆಂದಲ್ಲ, ಆದರೆ ಒಪ್ಪುವವರಿಗೆ ತಮ್ಮ ಕೆಲಸದ ಮೇಲೆ ನಂಬಿಕೆಯಿದೆ ಎಂದಂತೂ ತಿಳಿಯಬಹುದು. ಎತ್ತರದಲ್ಲಿ ಕೆಲಸ ಮಾಡುವವರಿಗೆ ಸುರಕ್ಷತಾ ಬೆಲ್ಟು ಮತ್ತು ವಿಮೆ ಇದೆಯೇ ಎಂದು ವಿಚಾರಿಸುವುದು ಮನೆಯವರ ಹೊಣೆಯೂ ಹೌದು.

ಇದೆಲ್ಲಕ್ಕೆ ದೀಪಾವಳಿ ಕಳೆದ ಮೇಲಿನ ತಿಂಗಳುಗಳು ಸೂಕ್ತ. ಏಪ್ರಿಲ್, ಮೇ ತಿಂಗಳಲ್ಲಿ ಎಲ್ಲರಿಗೂ ಅವಸರ, ಮೇಲಾಗಿ ಗಾಳಿ ಜೂನ್ ತಿಂಗಳಿಗಾಗಿ ಕಾಯುವುದಿಲ್ಲ. 2021ರಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಬಡಿದದ್ದು ಮೇ ತಿಂಗಳ ನಡುವಿನಲ್ಲಿ.

ಮಾಡು ಆಗಲೇ ಹಾರಿಹೋಗಿದ್ದರೆ ಕ್ರಮ ಬೇರೆ. ಮೊದಲು ಟಾರ್ಪಾಲು ಹೊದಿಸಿ ಮನೆಯನ್ನು ಉಳಿಸಿಕೊಳ್ಳಬೇಕು. ಆ ವಾರ ಮನೆಬಾಗಿಲಿಗೆ ಬಂದು ಪೂರ್ತಿ ಹಣ ಮುಂಗಡ ಕೇಳುವ ಅಪರಿಚಿತರಿಗೆ ಕೆಲಸ ಕೊಡಬಾರದು. ದುರಸ್ತಿಗೆ ಕೈ ಹಾಕುವ ಮುನ್ನ ಹಾನಿಯ ಫೋಟೋ ತೆಗೆದು, ಪರಿಹಾರಕ್ಕಾಗಿ ಗ್ರಾಮ ಆಡಳಿತಾಧಿಕಾರಿಗೆ ತಿಳಿಸಬೇಕು. 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಬಿರುಗಾಳಿಯ ಹಾನಿಯೂ ಸೇರಿರುವುದರಿಂದ, ಅದನ್ನು ಮಾಡಿಸಿದವರು ವಿಮಾ ಕಂಪನಿಗೂ ಕೂಡಲೇ ಸುದ್ದಿ ಮುಟ್ಟಿಸಿ, ಅವರ ಪರಿಶೀಲನೆ ಮುಗಿಯುವವರೆಗೆ ಮುರಿದ ಶೀಟುಗಳನ್ನು ಗುಜರಿಗೆ ಹಾಕದೆ ಇಟ್ಟುಕೊಳ್ಳಬೇಕು. ಹಣ ಪಡೆದು ಕೆಲಸ ಬಿಟ್ಟುಹೋದ ಗುತ್ತಿಗೆದಾರರ ಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಹೇಳಬಹುದು, ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಅಲ್ಲಿ ಕೇಳುವುದು ಬರಹದಲ್ಲಿರುವ ದರಪಟ್ಟಿಯನ್ನೂ ಹಣ ಕೊಟ್ಟ ರಸೀದಿಗಳನ್ನೂ.