ಹೋಲ್ ಬ್ಲಡ್ಡಿನ ಹೆಪ್ಪು: ಸೆಗ್‌ಮೆಂಟಿನಲ್ಲೇ ನೋಡಿದ ಅನುಭವ

ಫ್ರಿಜ್ಜಿಗೆ ಹೋದ ಹೋಲ್ ಬ್ಲಡ್ಡಿನಲ್ಲಿ, ಅಂದರೆ ಬೇರೆ ಬೇರೆ ಅಂಶಗಳಾಗಿ ಬಿಡಿಸದ ರಕ್ತದಲ್ಲಿ, ಹೆಪ್ಪಿನ ಶಕ್ತಿ ಇರುವುದಿಲ್ಲ ಎಂದವರೇ ಹೆಚ್ಚು. ತಣ್ಣಗಿಟ್ಟ ಪ್ಲೇಟ್‌ಲೆಟ್ ರೋಗಿಯ ಮೈಯಲ್ಲಿ ಬಹಳ ಹೊತ್ತು ಉಳಿಯುವುದಿಲ್ಲ, ನಿಜ. ಆದರೆ ಹೆರಿಗೆಯ ರಕ್ತಸ್ರಾವಕ್ಕೆ ಬೇಕಾದದ್ದು ಆ ಗಂಟೆಯ ಹೆಪ್ಪು. ಹೆಪ್ಪಿನ ಬಲ ಅಳೆಯುವ ಟೆಗ್ ಯಂತ್ರಕ್ಕೆ ಲಕ್ಷಗಟ್ಟಲೆ ಸುರಿಯುವುದು ಶಿವಮೊಗ್ಗ ಸುತ್ತಿನ ಸಣ್ಣ ರಕ್ತನಿಧಿಗಳಿಗೆ ಆಗದ ಮಾತು. ಹೆಪ್ಪು ಕಟ್ಟುವುದನ್ನು ಗಾಜಿನ ಟ್ಯೂಬಿನಲ್ಲೇ ತೋರಿಸಿಕೊಟ್ಟೆವು.

ಬ್ಯಾಗಿಗೆ ಸೂಜಿ ಚುಚ್ಚುವಂತಿಲ್ಲ. ಬ್ಯಾಗಿಗೆ ಅಂಟಿದ ಟ್ಯೂಬಿನ ಸೀಲ್ ಮಾಡಿದ ತುಂಡುಗಳೇ ಸೆಗ್‌ಮೆಂಟ್; ಅಂಥ ಎರಡನ್ನು ಕತ್ತರಿಸಿದರೆ ಹತ್ತಿರ ಹತ್ತಿರ 1 ಮಿಲಿ ಸಿಗುತ್ತದೆ. ಒಣಗಿದ ಹೊಸ ಗಾಜಿನ ಟ್ಯೂಬ್, 37 ಡಿಗ್ರಿ ವಾಟರ್ ಬಾತ್, 0.2 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್ 60ರಿಂದ 65 ಮೈಕ್ರೋಲೀಟರ್. ಎರಡು ನಿಮಿಷ ಮುಟ್ಟದೆ ಬಿಟ್ಟು, ಆಮೇಲೆ ಅರ್ಧ ನಿಮಿಷಕ್ಕೊಮ್ಮೆ ಮೆಲ್ಲಗೆ ಓರೆ ಮಾಡಿ ನೋಡಬೇಕು. ಕಟ್ಟಿದ ಮೇಲೆ ಎರಡು ಗಂಟೆ ಅಲ್ಲೇ ಇಟ್ಟರೆ ಹೆಪ್ಪು ಕುಗ್ಗಿ, ಗಾಜು ಬಿಟ್ಟು, ಸುತ್ತ ಸೀರಮ್ ನಿಲ್ಲುತ್ತದೆ. ಪ್ಲೇಟ್‌ಲೆಟ್ಟಿಗೆ ಇನ್ನೂ ಕಸುವಿದೆ ಎಂಬುದಕ್ಕೆ ಅದೇ ಸಾಕ್ಷಿ. ಸೆಗ್‌ಮೆಂಟಿನಿಂದ ನೊರೆ ಬಾರದಂತೆ ರಕ್ತ ಇಳಿಸುವ ಕೈಚಳಕ ಮಾತ್ರ ಇಲ್ಲಿ ಬರೆಯುವುದಿಲ್ಲ.

ಹೆಚ್ಚು ಕಾಡಿದ್ದು ಕ್ಯಾಲ್ಸಿಯಂ. ಮಲೆನಾಡಿನ ಮಳೆಗಾಲದಲ್ಲಿ ಡಬ್ಬಿ ತೆರೆದಿಟ್ಟರೆ ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವ ಹೀರಿ ಮುದ್ದೆಯಾಗುತ್ತದೆ, ತೂಕ ಸುಳ್ಳಾಗುತ್ತದೆ. ಕ್ಯಾಲ್ಸಿಯಂ ಕಡಿಮೆಯಾದರೆ, ರಕ್ತ ಹೆಪ್ಪುಗಟ್ಟದಂತೆ ಬ್ಯಾಗಿನಲ್ಲಿ ಹಾಕಿರುವ ಸಿಟ್ರೇಟ್ ಗೆಲ್ಲುತ್ತದೆ. ಹೆಚ್ಚಾದರೂ ಹೆಪ್ಪು ತಡ. ಲೇಬರ್ ವಾರ್ಡಿನ 10% ಕ್ಯಾಲ್ಸಿಯಂ ಗ್ಲುಕೋನೇಟ್ ಆಂಪೂಲನ್ನೂ ಹಾಕಿ ನೋಡಿದೆವು. ಅದರ ಸಾಂದ್ರತೆ ಸುಮಾರು 0.22 ಮೋಲಾರ್, 55 ಮೈಕ್ರೋಲೀಟರ್ ಸಾಕು. ತೂಗುವ ಗೋಜಿಲ್ಲ, ಖರ್ಚು ಕೆಲವೇ ರೂಪಾಯಿ. ಪ್ಲಾಸ್ಟಿಕ್ ಟ್ಯೂಬಿನಲ್ಲಿ ಹೆಪ್ಪು ಬಹಳ ತಡ. ಸೋಪು ಉಳಿದ ಗಾಜನ್ನು ನಂಬಲೇಬೇಡಿ.

ಇನ್ನೊಂದು ತೊಡಕು ದಾನದ ಮೇಜಿನಲ್ಲೇ ಹುಟ್ಟುತ್ತದೆ. ಬ್ಯಾಗಿನ ಟ್ಯೂಬನ್ನು ಕೂಡಲೇ ಸ್ಟ್ರಿಪ್ ಮಾಡಿ, ಅಂದರೆ ಅದರ ರಕ್ತವನ್ನು ಬ್ಯಾಗಿಗೆ ಹಿಂಡಿ, ಬ್ಯಾಗಿನ ರಕ್ತ ಮತ್ತೆ ತುಂಬಿಸದಿದ್ದರೆ ಸೆಗ್‌ಮೆಂಟಿನಲ್ಲಿ ಸಿಪಿಡಿಎ (ಬ್ಯಾಗಿನ ಸಿಟ್ರೇಟ್ ದ್ರಾವಣ) ಇರುವುದಿಲ್ಲ, ರಕ್ತ ಒಳಗೇ ಹೆಪ್ಪುಗಟ್ಟಿರುತ್ತದೆ. ಸ್ಟ್ರಿಪ್ಪರನ್ನು ಎರಡು ಮೂರು ಸಲ ಓಡಿಸಿ, ಪ್ರತಿ ಸಲವೂ ಬ್ಯಾಗು ಕಲಕಿ.

ನಮ್ಮ ಟ್ಯೂಬುಗಳಲ್ಲಿ ಮೊದಲ ವಾರದ ಬ್ಯಾಗು ಗಟ್ಟಿ ಹೆಪ್ಪು ಕೊಟ್ಟಿತು. ಎರಡು ವಾರದ ಹೊತ್ತಿಗೆ ಹೆಪ್ಪು ಕಟ್ಟುತ್ತದೆ, ಕುಗ್ಗುವುದು ಕಡಿಮೆ. ಮೂರು ದಾಟಿದರೆ ಮೆತ್ತಗೆ. ಹೆಪ್ಪಿಗೆ ಬೇಕಾದ ಪ್ರೋಟೀನ್ ಫ್ಯಾಕ್ಟರ್ 8 ಮೊದಲ ದಿನಗಳಲ್ಲೇ ಇಳಿಯುತ್ತದೆ, ಅದನ್ನು ಈ ಟ್ಯೂಬು ತೋರಿಸದು.

ಹಾಗಾಗಿ ಹಳೆಯದು ಮೊದಲು ಎಂಬ ರೂಢಿಯನ್ನು ರಕ್ತಸ್ರಾವದ ಕೇಸಿಗೆ ಕೈಬಿಟ್ಟೆವು. ಎಲ್ಲ ಪರೀಕ್ಷೆ ಮುಗಿದ ಎಳೆಯ ಬ್ಯಾಗು ಹೆರಿಗೆ ಕೋಣೆಗೆ, ಹಳೆಯದು ರಕ್ತಹೀನತೆಯವರಿಗೆ. 35 ದಿನ ಮೀರಿ ಬ್ಯಾಗು ಎಸೆಯುವ ನಷ್ಟ ಇದರಿಂದ ಹೆಚ್ಚಲಿಲ್ಲ.