ಗ್ಯಾರೇಜ್ ನೆಲದ ಬಣ್ಣ ಟೈರಿಗೆ ಅಂಟಿ ಕಿತ್ತು ಬರುತ್ತಿದ್ದರೆ

ಕಾರಿನ ಚಕ್ರ ನಿಲ್ಲುವ ನಾಲ್ಕು ಕಡೆ ಮಾತ್ರ ಬಣ್ಣ ಚಕ್ಕೆಚಕ್ಕೆಯಾಗಿ ಎದ್ದಿತ್ತು. ಬಿಸಿ ಟೈರು ತಣಿಯುವಾಗ ಕುಗ್ಗಿ, ಸರಿಯಾಗಿ ಹಿಡಿಯದ ಬಣ್ಣವನ್ನು ಎಳೆದುಕೊಳ್ಳುತ್ತದೆ. ತೆಳುವಾದ ಸಾಧಾರಣ ಫ್ಲೋರ್ ಪೇಂಟಿನಲ್ಲಿ ಇದು ಮಾಮೂಲು.

ಮತ್ತೆ ಬಳಿಯುವ ಮುನ್ನ ತೇವ ಪರೀಕ್ಷಿಸಿದೆ. 18 ಇಂಚು ಚೌಕದ ಪ್ಲಾಸ್ಟಿಕ್ ಹಾಳೆಯ ಅಂಚುಗಳಿಗೆಲ್ಲ ಟೇಪ್ ಹಚ್ಚಿ ಒಂದು ದಿನ ಬಿಡಬೇಕು. ಅಡಿಯಲ್ಲಿ ನೀರು ಕಟ್ಟಿದರೆ ಅಥವಾ ಕಾಂಕ್ರೀಟ್ ಕಪ್ಪಾದರೆ ಎಪಾಕ್ಸಿಯ (ರಾಳಕ್ಕೆ ಗಟ್ಟಿಯಾಗಿಸುವ ಹಾರ್ಡನರ್ ಬೆರೆಸಿ ಬಳಿಯುವ ಲೇಪನ) ಆಸೆ ಬಿಡುವುದೇ ಲೇಸು. ಅಂಥಲ್ಲಿ ಒಂದಕ್ಕೊಂದು ಸಿಕ್ಕಿಸುವ ಪಿವಿಸಿ ಟೈಲ್ಸ್ ಹಾಕಿ: ಅಂಟು ಬೇಡ, ಆದರೆ ಗೋಡೆಯಂಚಿಗೆ ಸುಮಾರು 6 ಮಿ.ಮೀ. ಸಂದು ಬೇಕು. ಇಲ್ಲದಿದ್ದರೆ ಸೆಕೆಗೆ ಹಿಗ್ಗಿ ಉಬ್ಬುತ್ತವೆ.

ಇಲ್ಲಿ ನೆಲ ಒಣಗಿತ್ತು, ಹಾಗಾಗಿ ಎರಡು ಭಾಗದ ಎಪಾಕ್ಸಿ. ನಿಜವಾದ ಕೆಲಸವೆಲ್ಲ ನೆಲ ಉಜ್ಜುವುದರಲ್ಲೇ ಇದೆ. ಡೈಮಂಡ್ ಕಪ್ ವೀಲ್ (ಕಾಂಕ್ರೀಟ್ ಉಜ್ಜುವ ಬಟ್ಟಲಾಕಾರದ ಚಕ್ರ) ಹಾಕಿದ ಗ್ರೈಂಡರಿನಿಂದ ಹಳೆ ಬಣ್ಣ ತೆಗೆದು, ನೆಲ ಉಪ್ಪುಕಾಗದದಷ್ಟು ತರಿಯಾಗುವವರೆಗೆ ಉಜ್ಜಬೇಕು. ಆ ಧೂಳಿನಲ್ಲಿ ಶ್ವಾಸಕೋಶಕ್ಕೆ ಹಾನಿ ಮಾಡುವ ಸಿಲಿಕಾ ಇರುತ್ತದೆ. ವ್ಯಾಕ್ಯೂಮ್ ಜೋಡಿಸಿ, ರೆಸ್ಪಿರೇಟರ್ ಹಾಕಿಕೊಳ್ಳಿ, ಬಟ್ಟೆ ಮಾಸ್ಕ್ ಸಾಲದು. ಆಮೇಲೆ ನೀರು ಚಿಮುಕಿಸಿ ನೋಡಿ. ಇಂಗಿದರೆ ಸರಿ, ಮಣಿಮಣಿಯಾಗಿ ನಿಂತರೆ ಎಣ್ಣೆ ಇನ್ನೂ ಇದೆ, ಡಿಗ್ರೀಸರ್ ಹಾಕಿ ಮತ್ತೆ ತೊಳೆಯಬೇಕು.

ರಾಳ ಮತ್ತು ಹಾರ್ಡನರ್ ಪ್ರಮಾಣವನ್ನು ಡಬ್ಬಿ ಹೇಳಿದಂತೆಯೇ ಅಳೆಯಿರಿ, ಅಂದಾಜು ನಡೆಯದು. ಬೆರೆಸಿದ್ದನ್ನು ಬಕೆಟ್ಟಿನಲ್ಲೇ ಬಿಟ್ಟರೆ ಕಾದು ಗಟ್ಟಿಯಾಗುತ್ತದೆ; ಕೂಡಲೇ ನೆಲಕ್ಕೆ ಸುರಿದು ರೋಲರ್‌ನಿಂದ ಹರಡಿ. ಹಸಿಯಿರುವಾಗಲೇ ಸಣ್ಣ ಕ್ವಾರ್ಟ್ಸ್ ಮರಳು ಉದುರಿಸಿದರೆ ಒದ್ದೆಯಲ್ಲಿ ಕಾಲು ಜಾರದು. ಮರುದಿನವೇ ನಡೆಯಬಹುದು, ಕಾರು ಮಾತ್ರ ಒಂದು ವಾರ ಹೊರಗೇ ಇರಲಿ.