ನಿವೃತ್ತ ಯೋಧರಿಗೆ ಗೌರವ: ವೇದಿಕೆಯ ಮೇಲೆ ಮತ್ತು ಮನೆಯೊಳಗೆ

ನಿವೃತ್ತ ಯೋಧರೊಬ್ಬರನ್ನು ಸನ್ಮಾನಿಸುವ ಯೋಚನೆ ಬಂದರೆ, ವೇದಿಕೆ ಗೊತ್ತುಮಾಡುವುದಕ್ಕೂ ಆಹ್ವಾನ ಪತ್ರಿಕೆ ಅಚ್ಚುಹಾಕಿಸುವುದಕ್ಕೂ ಮುಂಚೆ ಅವರನ್ನೇ ಒಂದು ಮಾತು ಕೇಳಿ. ನಾಲ್ಕು ಜನರ ಎದುರು ಕೇಳಿದರೆ ಸಂಕೋಚಕ್ಕೆ ಒಪ್ಪಿಕೊಂಡುಬಿಡುತ್ತಾರೆ. ಆದ್ದರಿಂದ ಒಬ್ಬರೇ ಇರುವಾಗ, ಬೇಡವೆನ್ನುವುದಕ್ಕೂ ಅವಕಾಶವಿರುವಂತೆ ಕೇಳಬೇಕು. ಪದಕಗಳನ್ನು ಧರಿಸಿ ಹೆಮ್ಮೆಯಿಂದ ಬರುವವರಿದ್ದಾರೆ. ಮರಳಿ ಬಾರದ ಜೊತೆಗಾರರಿಗೆ ಸಲ್ಲಬೇಕಾದ ಚಪ್ಪಾಳೆಯನ್ನು ತಾವು ಪಡೆಯುತ್ತಿದ್ದೇವೆ ಎಂದು ಮುಜುಗರಪಡುವವರೂ ಇದ್ದಾರೆ.

ಒಪ್ಪಿದರೆ, ಅವರ ಹುದ್ದೆ, ಪಡೆಯ ಹೆಸರು, ಸೇವೆಯ ವರ್ಷಗಳನ್ನು ಅವರಿಂದಲೇ ಬರೆಸಿಕೊಂಡು, ಪರಿಚಯ ಭಾಷಣವನ್ನು ಮೊದಲೇ ತೋರಿಸಿ. ಸೈನ್ಯದ ಕೆಲಸದ ದೊಡ್ಡ ಪಾಲು ಸಾಗಣೆ, ದುರಸ್ತಿ, ಸಂಪರ್ಕ, ಚಿಕಿತ್ಸೆಗಳಲ್ಲಿ ನಡೆಯುತ್ತದೆ. ಲಾರಿಗಳ ಎಂಜಿನ್ ಸರಿಪಡಿಸುತ್ತ ಸೇವಾವಧಿ ಮುಗಿಸಿದವರನ್ನು ‘ರಣರಂಗದ ಸಿಂಹ’ ಎಂದು ಹೊಗಳಿದರೆ ಅವರು ತಲೆ ತಗ್ಗಿಸಿ ಕೂರಬೇಕಾಗುತ್ತದೆ. ಗುಂಡು, ಫಿರಂಗಿ, ಎಂಜಿನ್‌ಗಳ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಕಿವಿ ಮಂದವಾಗುವುದೂ, ಕಿವಿಯೊಳಗೆ ಸದಾ ಗುಂಯ್‌ಗುಟ್ಟುವುದೂ ಸಾಮಾನ್ಯ. ಚೆನ್ನಾಗಿ ಕೇಳುವ ಕಿವಿ ಯಾವುದೆಂದು ತಿಳಿದುಕೊಂಡು, ಮಾತನಾಡುವವರು ಆ ಬದಿಗೆ ಬರುವಂತೆ ಆಸನ ಹಾಕಿಸಿ. ಪಟಾಕಿಯನ್ನಂತೂ ಕೈಬಿಡುವುದೇ ಲೇಸು.

ಸಾರ್ವಜನಿಕವಾದದ್ದೆಲ್ಲ ಪೊಳ್ಳೆಂದು ನಾನು ಹೇಳುತ್ತಿಲ್ಲ. ಮೊದಲನೆಯ ಮಹಾಯುದ್ಧ ನಿಂತ ಮೊದಲ ವಾರ್ಷಿಕ ದಿನದಂದು, ಅಂದರೆ 1919ರ ನವೆಂಬರ್ 11ರ ಬೆಳಿಗ್ಗೆ 11 ಗಂಟೆಗೆ, ಬ್ರಿಟನ್ನಿನಲ್ಲಿ ವಾಹನಗಳೂ ಯಂತ್ರಗಳೂ ನಿಂತು ಜನರು ಎರಡು ನಿಮಿಷ ಮೌನ ಆಚರಿಸಿದರು. ಅದು ಬೀದಿಯಲ್ಲೇ ನಡೆದ ಗೌರವ, ಆದರೆ ಯಾರನ್ನೂ ಎತ್ತಿ ನಿಲ್ಲಿಸಿ ಪ್ರದರ್ಶನಕ್ಕಿಡಲಿಲ್ಲ.

ಮನೆಯೊಳಗಿನ ಗೌರವಕ್ಕೆ ಬಿಡುವು ಬೇಕು, ಮತ್ತು ಅದನ್ನು ಸ್ಮರಣೆಯ ದಿನಕ್ಕೇ ಕಾಯಿಸಬೇಕಾಗಿಲ್ಲ. ಪಿಂಚಣಿಯ ಅರ್ಜಿ ತುಂಬಿಕೊಡುವುದು, ಆಸ್ಪತ್ರೆಗೆ ಜೊತೆಯಾಗುವುದು ಯಾರಿಗಾದರೂ ಹೊಳೆಯುವಂಥವು. ಕಾಗದಪತ್ರಗಳ ವಿಷಯ ಅಷ್ಟು ಸುಲಭವಾಗಿ ಹೊಳೆಯುವುದಿಲ್ಲ. 1973ರ ಜುಲೈನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ಬಳಿಯ ಸರ್ಕಾರಿ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು 1.6ರಿಂದ 1.8 ಕೋಟಿಯಷ್ಟು ಸೇವಾ ಕಡತಗಳು ನಾಶವಾದಾಗ, ತಾನು ಸೇವೆ ಸಲ್ಲಿಸಿದ್ದೆನೆಂದು ತೋರಿಸಲು ಎಷ್ಟೋ ಜನರಿಗೆ ಮನೆಯ ಪೆಟ್ಟಿಗೆಯಲ್ಲಿದ್ದ ಪ್ರತಿಯೇ ಆಸರೆಯಾಯಿತು. ಬಿಡುಗಡೆ ಪತ್ರ, ಪದಕಗಳ ಆದೇಶ, ವೈದ್ಯಕೀಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ, ಎರಡು ಕಡೆ ಇಟ್ಟುಕೊಡಿ.

ಮಾತಿಗೆ ಕೂತಾಗ ‘ಎಷ್ಟು ಜನರನ್ನು ಕೊಂದಿರಿ’ ಎಂಬ ಪ್ರಶ್ನೆ ಬಾಯಿಗೆ ಬರಲೇಬಾರದು. ಊರಿನಿಂದ ಕಾಗದ ಬರಲು ಎಷ್ಟು ದಿನ ಹಿಡಿಯುತ್ತಿತ್ತು, ಕಾವಲಿನ ರಾತ್ರಿಯಲ್ಲಿ ನಿದ್ದೆಯನ್ನು ಹೇಗೆ ತಡೆಯುತ್ತಿದ್ದಿರಿ ಎಂದು ಕೇಳಿ ನೋಡಿ. ದೊಡ್ಡ ಕಥೆ ಬರುವುದಿದ್ದರೆ ಇಂಥ ಸಣ್ಣ ಬಾಗಿಲಿನಿಂದಲೇ ಬರುತ್ತದೆ. ನಡುವೆ ಮಾತು ನಿಂತರೆ ನಿಲ್ಲಲಿ. ಧ್ವನಿಮುದ್ರಣಕ್ಕೆ ಅನುಮತಿ ಬೇಕು, ಅದನ್ನು ಇತರರಿಗೆ ಕೇಳಿಸುವುದಕ್ಕೆ ಬೇರೆಯದೇ ಅನುಮತಿ ಬೇಕು.

ಹಳೆಯ ಗುಂಪು ಚಿತ್ರವೊಂದು ಹೊರಬಂದರೆ ಅದೃಷ್ಟವೇ ಸರಿ. ಎಡದಿಂದ ಬಲಕ್ಕೆ ಒಂದೊಂದೇ ಮುಖದ ಮೇಲೆ ಅವರು ಬೆರಳಿಡುತ್ತಾ ಹೋದಂತೆ ಹೆಸರುಗಳನ್ನು ಕಾಗದದಲ್ಲಿ ಗುರುತುಹಾಕಿಕೊಂಡು, ಆಮೇಲೆ ಚಿತ್ರದ ಹಿಂಬದಿಯ ಅಂಚಿನಲ್ಲಿ ಮೃದುವಾದ ಪೆನ್ಸಿಲ್‌ನಿಂದ ಒತ್ತದೆ ಬರೆಯಿರಿ. ಬಾಲ್‌ಪೆನ್ನಿನ ಒತ್ತು ಮುಂಬದಿಯಲ್ಲಿ ಗೆರೆಯಾಗಿ ಮೂಡುತ್ತದೆ. ಒಂದು ಹೆಸರು ನೆನಪಾಗದಿದ್ದರೆ ಅಲ್ಲಿ ಜಾಗ ಬಿಟ್ಟು, ಮುಂದಿನ ಭೇಟಿಯಲ್ಲಿ ಅದನ್ನೇ ಮೊದಲು ಕೇಳಿ.